ನಾದಿಯಾ ನದೀಮ್‌ರ ಗೆಲುವಿಗೆ ವಾರಸುದಾರರು ಯಾರು?

2022ರ ಜನವರಿಯಲ್ಲಿ ಡೆನ್ಮಾರ್ಕ್‌ನ ಫುಟ್ಬಾಲ್ ಆಟಗಾರ್ತಿ ನಾದಿಯಾ ನದೀಮ್ ವೈದ್ಯೆಯಾದರು. ಆಟದ ಬದುಕಿನ ನಡುವೆಯೇ ಆರ್ಹುಸ್ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ನಡೆಸಿದ ಅಧ್ಯಯನ ಅಂದು ಪೂರ್ಣಗೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಅವರು ಹುಟ್ಟಿದ ದೇಶವಾದ ಅಫ್ಘಾನಿಸ್ತಾನದಲ್ಲಿ ತಾಲಿಬಾನ್ ಆಡಳಿತವು ವಿಶ್ವವಿದ್ಯಾಲಯಗಳ ಬಾಗಿಲನ್ನು ಮಹಿಳೆಯರ ಪಾಲಿಗೆ ಮುಚ್ಚಿಬಿಟ್ಟಿತು. ಒಂದೇ ವರ್ಷದ ಎರಡು ತುದಿಗಳಲ್ಲಿ ನಡೆದ ಈ ಘಟನೆಗಳನ್ನು ಜೊತೆಗಿಟ್ಟು ನೋಡುವ ಯಾರಿಗಾದರೂ ಒಂದು ಪ್ರಶ್ನೆ ಎದುರಾಗುತ್ತದೆ. ಹುಟ್ಟೂರಾದ ಹೆರಾತ್‌ನಲ್ಲೇ ಉಳಿದಿದ್ದರೆ ಈ ಮಹಿಳೆ ಏನಾಗಿರುತ್ತಿದ್ದರು?

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಕೇಳುವವರೆಲ್ಲರ ಉದ್ದೇಶ ನ್ಯಾಯವಾದದ್ದಲ್ಲ. ಯುರೋಪಿನ ಒಂದು ವರ್ಗಕ್ಕೆ ನಾದಿಯಾರ ಕಥೆ ಒಂದು ಪ್ರಮಾಣಪತ್ರ. 'ನೋಡಿ, ಇಸ್ಲಾಮ್ ಕಿತ್ತುಕೊಂಡದ್ದನ್ನು ನಾವು ಕೊಟ್ಟೆವು' ಎಂದು ಎದೆ ತಟ್ಟಿಕೊಳ್ಳಲು ಅದು ಅನುಕೂಲಕ್ಕೆ ಬರುತ್ತದೆ. ಇತ್ತ ಮುಸ್ಲಿಮ್ ಸಮಾಜದ ಒಂದು ವರ್ಗಕ್ಕೆ ಅದೇ ಕಥೆ ಮುಜುಗರದ ವಿಷಯ. ಅವರು ಆಟಗಾರ್ತಿಯ ಉಡುಪಿನತ್ತ ಬೆರಳು ತೋರಿಸಿ ಮಾತು ಮುಗಿಸುತ್ತಾರೆ, ಅಥವಾ ಏನೂ ಆಗಿಲ್ಲವೆಂಬಂತೆ ಸುಮ್ಮನಿರುತ್ತಾರೆ. ಮೊದಲಿನವರು ತಮಗೆ ಸೇರದ ಆಸ್ತಿಗೆ ಹಕ್ಕು ಸಾಧಿಸುತ್ತಿದ್ದಾರೆ. ಎರಡನೆಯವರು ತಮ್ಮ ಮೇಲಿನ ಸಾಲವನ್ನು ಅಲ್ಲಗಳೆಯುತ್ತಿದ್ದಾರೆ. ಈ ಇಬ್ಬರಿಗೂ ಉತ್ತರ ಹೇಳಬೇಕಾದ ಕಾಲ ಬಂದಿದೆ.

ಮೊದಲು ಸಂಗತಿಗಳನ್ನು ನೋಡೋಣ. ನಾದಿಯಾ ಹುಟ್ಟಿದ್ದು 1988ರ ಜನವರಿ 2ರಂದು, ಹೆರಾತ್‌ನಲ್ಲಿ. ತಂದೆ ಅಫ್ಘಾನ್ ಸೇನೆಯಲ್ಲಿ ಜನರಲ್ ಆಗಿದ್ದವರು. ಮನೆಯಲ್ಲಿ ಐವರು ಹೆಣ್ಣುಮಕ್ಕಳು. 2000ದಲ್ಲಿ ತಾಲಿಬಾನಿಗಳು ಆ ತಂದೆಯನ್ನು ಕೊಂದರು. ಗಂಡಸಿಲ್ಲದ ಮನೆಯ ಹೆಂಗಸು ಹೊರಗೆ ದುಡಿಯುವಂತಿಲ್ಲ, ಹೆಣ್ಣುಮಕ್ಕಳು ಶಾಲೆಗೆ ಹೋಗುವಂತಿಲ್ಲ ಎಂಬುದು ಅಂದಿನ ಅಫ್ಘಾನಿಸ್ತಾನದ ಆಡಳಿತದ ಕಟ್ಟಳೆಯಾಗಿತ್ತು. ವಿಧವೆ ತಾಯಿ ಐವರು ಮಕ್ಕಳನ್ನು ಕಟ್ಟಿಕೊಂಡು ಪಾಕಿಸ್ತಾನಕ್ಕೆ, ಅಲ್ಲಿಂದ ಇಟಲಿಗೆ, ಇಟಲಿಯಿಂದ ಲಾರಿಯೊಂದರಲ್ಲಿ ಅಡಗಿ ಮುಂದಕ್ಕೆ ಸಾಗಿದರು. ಅವರ ಲೆಕ್ಕದಲ್ಲಿ ಆ ಲಾರಿ ಲಂಡನ್ನಿಗೆ ಹೋಗಬೇಕಿತ್ತು. ಇಳಿದ ನಂತರವಷ್ಟೇ ಅದು ಡೆನ್ಮಾರ್ಕ್ ಎಂದು ತಿಳಿಯಿತು.

ಈ ಒಂದು ಅಂಶವನ್ನು ಓದುಗರು ಗಮನದಲ್ಲಿಡಬೇಕು. ಡೆನ್ಮಾರ್ಕ್ ನಾದಿಯಾರನ್ನು ಆರಿಸಿಕೊಳ್ಳಲಿಲ್ಲ. ನಾದಿಯಾರ ಕುಟುಂಬವೂ ಡೆನ್ಮಾರ್ಕನ್ನು ಆರಿಸಿಕೊಳ್ಳಲಿಲ್ಲ. ಖೋಟಾ ದಾಖಲೆಗಳ ಬಲದಲ್ಲಿ, ಕಳ್ಳದಾರಿಯಲ್ಲಿ ತಲುಪಿದ ಆರು ಮಂದಿ ಹೆಂಗಸರು ಮತ್ತು ಹುಡುಗಿಯರು ಅವರು. ಇಂದು ಯುರೋಪಿನ ಚುನಾವಣಾ ಭಾಷಣಗಳಲ್ಲಿ 'ಅಕ್ರಮ ವಲಸಿಗರು' ಎಂದು ಯಾರನ್ನು ಕರೆಯಲಾಗುತ್ತದೆಯೋ, ಆ ಸಾಲಿನಲ್ಲಿ ನಿಂತಿದ್ದವರು.

ಆಲ್ಬೋರ್ಗ್ ನಗರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ಕುಟುಂಬಕ್ಕೆ ನೆಲೆ ಸಿಕ್ಕಿತು. ಪಕ್ಕದ ಮೈದಾನದಲ್ಲಿ ಹುಡುಗಿಯರು ಫುಟ್ಬಾಲ್ ಆಡುತ್ತಿದ್ದರು. ಅಫ್ಘಾನಿಸ್ತಾನದಲ್ಲಿ ತಂದೆ ಮನೆಗೆ ಚೆಂಡು ತಂದುಕೊಟ್ಟಿದ್ದರು, ಮಕ್ಕಳು ಗೋಡೆಗಳ ಒಳಗೆ ಆಡಿದ್ದರು. ಹೆಣ್ಣುಮಕ್ಕಳು ಬಯಲಿನಲ್ಲಿ ಹೀಗೆ ತಂಡ ಕಟ್ಟಿ ಆಡುವುದನ್ನು ಹುಡುಗಿ ಕಂಡದ್ದು ಇಲ್ಲಿಯೇ ಮೊದಲು. ಆ ಮೈದಾನದಿಂದ ಊರಿನ ಸಣ್ಣ ಕ್ಲಬ್ಬಿಗೆ, ಅಲ್ಲಿಂದ ಬಿ52 ಆಲ್ಬೋರ್ಗ್, ಟೀಮ್ ವಿಬೋರ್ಗ್, ನಂತರ ಐಕೆ ಸ್ಕೋವ್‌ಬಕ್ಕೆನ್, 2012ರಲ್ಲಿ ಫಾರ್ಚುನಾ ಯೋರಿಂಗ್. ಆ ವರ್ಷವೇ ಯುರೋಪಿನ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಪಂದ್ಯದಲ್ಲಿ ಎರಡು ಗೋಲು. ಮುಂದೆ ಅಮೆರಿಕದ ಸ್ಕೈ ಬ್ಲೂ, ಪೋರ್ಟ್‌ಲ್ಯಾಂಡ್ ಥಾರ್ನ್ಸ್. 2017ರಲ್ಲಿ ಪೋರ್ಟ್‌ಲ್ಯಾಂಡ್ ತಂಡದೊಂದಿಗೆ ಅಮೆರಿಕದ ಲೀಗ್ ಪ್ರಶಸ್ತಿ. 2018ರಲ್ಲಿ ಮ್ಯಾಂಚೆಸ್ಟರ್ ಸಿಟಿ, 2019ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್. ಸತತ ಹದಿನಾಲ್ಕು ವರ್ಷ ಫ್ರಾನ್ಸಿನ ಲೀಗನ್ನು ಗೆದ್ದಿದ್ದ ಲಿಯೋನ್ ತಂಡದ ಯಜಮಾನಿಕೆಯನ್ನು 2020-21ರಲ್ಲಿ ಮುರಿದ ಪ್ಯಾರಿಸ್ ತಂಡದಲ್ಲಿ ನಾದಿಯಾ ಇದ್ದರು. ತರುವಾಯ ಅಮೆರಿಕದ ರೇಸಿಂಗ್ ಲೂಯಿವಿಲ್, 2024ರಲ್ಲಿ ಇಟಲಿಯ ಎಸಿ ಮಿಲಾನ್. ಉರ್ದು, ಹಿಂದಿ ಸೇರಿದಂತೆ ಹಲವು ಭಾಷೆಗಳನ್ನು ಬಲ್ಲ ಈ ಆಟಗಾರ್ತಿ ಡೆನ್ಮಾರ್ಕ್ ದೇಶದ ಪರವಾಗಿ ನೂರಕ್ಕೂ ಹೆಚ್ಚು ಪಂದ್ಯಗಳನ್ನಾಡಿದ್ದಾರೆ.

ದೇಶದ ಪರವಾಗಿ ಆಡುವ ಹಕ್ಕು ಕೂಡ ಸುಲಭದಲ್ಲಿ ದೊರೆತದ್ದಲ್ಲ. ಹದಿನೆಂಟು ತುಂಬುವವರೆಗೆ ನಾಗರಿಕತ್ವವಿರಲಿಲ್ಲ. ಅದರ ಮೇಲೆ, ಹದಿನೆಂಟು ತುಂಬಿದ ಬಳಿಕವೂ ಐದು ವರ್ಷ ಆ ದೇಶದಲ್ಲಿ ವಾಸಿಸಿರಬೇಕೆಂಬ ಫಿಫಾ ನಿಯಮ ಅಡ್ಡ ಬಂತು. ದೇಶ ಬದಲಿಸುವ ವೃತ್ತಿಪರರನ್ನು ತಡೆಯಲು ಮಾಡಿದ ನಿಯಮವದು. ಬಾಲ್ಯದಲ್ಲೇ ಜೀವ ಉಳಿಸಿಕೊಳ್ಳಲು ಓಡಿಬಂದ ಹುಡುಗಿಗೂ ಅದೇ ಅಳತೆಗೋಲು. ಡೆನ್ಮಾರ್ಕ್‌ನ ಫುಟ್ಬಾಲ್ ಸಂಘ ಇದನ್ನು ಪ್ರಶ್ನಿಸಿತು, ಫಿಫಾ ವಿನಾಯಿತಿ ನೀಡಿತು, 2009ರ ಅಲ್ಗಾರ್ವೆ ಕಪ್‌ನಲ್ಲಿ ನಾದಿಯಾ ಡೆನ್ಮಾರ್ಕ್‌ನ ಅಂಗಿ ತೊಟ್ಟರು. ಆ ಸಂಘ ಮಾಡಿದ್ದು ಒಳ್ಳೆಯ ಕೆಲಸ. ಒಳ್ಳೆಯದನ್ನು ಒಳ್ಳೆಯದೆಂದು ಹೇಳಲು ನಮಗೆ ಸಂಕೋಚವಿರಬಾರದು.

2017ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಈ ನಿರಾಶ್ರಿತೆ ಹೊಸ ದೇಶದ ಋಣವನ್ನು ತೀರಿಸಿದರು. 1995ರಿಂದ ಸತತವಾಗಿ ಆರು ಬಾರಿ ಪ್ರಶಸ್ತಿ ಗೆದ್ದಿದ್ದ ಜರ್ಮನಿಯನ್ನು ಡೆನ್ಮಾರ್ಕ್ ಕ್ವಾರ್ಟರ್ ಫೈನಲ್‌ನಲ್ಲಿ 2-1ರಿಂದ ಸೋಲಿಸಿದಾಗ ಸಮಬಲದ ಗೋಲು ನಾದಿಯಾರದ್ದು. ನೆದರ್‌ಲ್ಯಾಂಡ್ಸ್ ವಿರುದ್ಧದ ಫೈನಲ್‌ನಲ್ಲಿ ಆರನೇ ನಿಮಿಷದಲ್ಲೇ ಪೆನಾಲ್ಟಿ ಗೋಲು ಹೊಡೆದದ್ದೂ ಅವರೇ. ಆ ಪಂದ್ಯವನ್ನು ಡೆನ್ಮಾರ್ಕ್ 2-4ರಿಂದ ಸೋತಿತು. ಆದರೂ ದೇಶಕ್ಕೆ ದೇಶವೇ ಆ ತಂಡವನ್ನು ಮೆರೆಸಿತು.

ಈಗ ಹಕ್ಕುದಾರರ ವಿಚಾರಕ್ಕೆ ಬರೋಣ. ಹೆಣ್ಣುಮಕ್ಕಳ ಆಟದ ಸ್ವಾತಂತ್ರ್ಯವು ಯುರೋಪಿನ ರಕ್ತದಲ್ಲೇ ಇದೆ ಎಂದು ಹೇಳುವವರು ತಮ್ಮ ಚರಿತ್ರೆಯ ಪುಟಗಳನ್ನು ಒಮ್ಮೆ ತಿರುವಿ ಹಾಕಲಿ. 1920ರ ಡಿಸೆಂಬರ್‌ನಲ್ಲಿ ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್‌ನಲ್ಲಿ ಮಹಿಳೆಯರ ಪಂದ್ಯವೊಂದಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಒಂದು ವರ್ಷ ಕಳೆಯುವುದರೊಳಗೆ, 1921ರಲ್ಲಿ, ಈ ಆಟ ಹೆಂಗಸರಿಗೆ ತಕ್ಕದ್ದಲ್ಲವೆಂದು ಇಂಗ್ಲೆಂಡಿನ ಫುಟ್ಬಾಲ್ ಸಂಘ ತನ್ನ ಮೈದಾನಗಳನ್ನು ಅವರಿಗೆ ನಿಷೇಧಿಸಿತು. ಆ ನಿಷೇಧ ಸುಮಾರು ಐವತ್ತು ವರ್ಷ ಬದುಕಿತ್ತು. ಜರ್ಮನಿಯ ಸಂಘ 1955ರಲ್ಲಿ ಇದೇ ನಿಷೇಧ ಹೇರಿ 1970ರಲ್ಲಿ ತೆಗೆಯಿತು. ಡೆನ್ಮಾರ್ಕ್‌ನ ಮಹಿಳೆಯರು 1970ರಲ್ಲಿ ಇಟಲಿಯಲ್ಲಿ ಮತ್ತು 1971ರಲ್ಲಿ ಮೆಕ್ಸಿಕೋದಲ್ಲಿ ನಡೆದ ಅನಧಿಕೃತ ವಿಶ್ವಕಪ್‌ಗಳನ್ನು ಗೆದ್ದರು. ಆಗ ಅವರಿಗೆ ತಮ್ಮ ದೇಶದ ಫುಟ್ಬಾಲ್ ಸಂಘದಲ್ಲಿ ಸ್ಥಾನವೇ ಇರಲಿಲ್ಲ. ಅದು ಸಿಕ್ಕಿದ್ದು 1972ರಲ್ಲಿ. ಅಂದರೆ ನಾದಿಯಾ ಆಲ್ಬೋರ್ಗ್‌ನ ಮೈದಾನಕ್ಕೆ ಕಾಲಿಡುವಾಗ ಆ ಬಾಗಿಲು ತೆರೆದು ಮೂವತ್ತು ವರ್ಷವೂ ಆಗಿರಲಿಲ್ಲ.

ಅಷ್ಟೇ ಅಲ್ಲ. 2017ರ ಫೈನಲ್ ಮುಗಿದು ಮೂರು ತಿಂಗಳೂ ಆಗಿರಲಿಲ್ಲ, ದೇಶವೇ ಮೆರೆಸಿದ ಅದೇ ಆಟಗಾರ್ತಿಯರು ವೇತನ ಮತ್ತು ಸೇವಾ ಷರತ್ತುಗಳಿಗಾಗಿ ತಮ್ಮ ಸಂಘದೊಂದಿಗೆ ಹೋರಾಡಬೇಕಾಯಿತು. ಸ್ವೀಡನ್ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯವೇ ರದ್ದಾಗಿ, ಆಡದ ಪಂದ್ಯವನ್ನು ಡೆನ್ಮಾರ್ಕ್ 0-3ರಿಂದ ಸೋತಂತಾಯಿತು. ಮಹಿಳೆಯರಿಗೆ ಹಕ್ಕುಗಳು ಯಾವ ನಾಡಿನಲ್ಲೂ ತಟ್ಟೆಯಲ್ಲಿಟ್ಟು ಬಡಿಸಲ್ಪಟ್ಟಿಲ್ಲ. ಕೇಳಿದವರು ಪಡೆದಿದ್ದಾರೆ, ಬಹಳ ತಡವಾಗಿ ಪಡೆದಿದ್ದಾರೆ. ಇದನ್ನು ಮರೆತು ಮಾತಾಡುವ ಯುರೋಪಿಯನ್ನನು ಪಾಠ ಹೇಳುವ ಅರ್ಹತೆಯನ್ನು ಕಳೆದುಕೊಳ್ಳುತ್ತಾನೆ.

ಇನ್ನೂ ಗಂಭೀರವಾದ ಪ್ರಶ್ನೆಯೊಂದಿದೆ. ನಾದಿಯಾರ ಕುಟುಂಬ ಒಳಬಂದ ಆ ಬಾಗಿಲು ಇಂದು ಎಲ್ಲಿದೆ? ಅವರು ಬಂದ ಎರಡೇ ವರ್ಷಗಳಲ್ಲಿ, 2002ರಲ್ಲಿ, ಡೆನ್ಮಾರ್ಕ್ ತನ್ನ ವಿದೇಶೀಯರ ಕಾನೂನನ್ನು ಬಿಗಿಗೊಳಿಸಿತು. ಶಾಶ್ವತ ವಾಸದ ಪರವಾನಿಗೆಗೆ ಕಾಯಬೇಕಾದ ಅವಧಿ ಮೂರು ವರ್ಷದಿಂದ ಏಳಕ್ಕೆ ಏರಿತು. ವಿದೇಶದ ಸಂಗಾತಿಯನ್ನು ಕರೆತರಲು ಇಬ್ಬರಿಗೂ 24 ವಯಸ್ಸು ತುಂಬಿರಬೇಕೆಂಬ ಷರತ್ತು ಬಂತು. 2016ರ ಜನವರಿಯಲ್ಲಿ, ಆಶ್ರಯ ಕೋರಿ ಬಂದವರ ಬಳಿ 10,000 ಕ್ರೋನರ್‌ಗಿಂತ ಹೆಚ್ಚಿನ ನಗದು ಅಥವಾ ಬೆಲೆಬಾಳುವ ವಸ್ತುಗಳಿದ್ದರೆ ಅದನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಸಂಸತ್ತು ಸರಕಾರಕ್ಕೆ ಕೊಟ್ಟಿತು. 2018ರಲ್ಲಿ ಮುಖ ಮುಚ್ಚುವ ಉಡುಪಿಗೆ ನಿಷೇಧ ಬಂತು. 2019ರಲ್ಲಿ ನಿರಾಶ್ರಿತರ ನೀತಿಯ ಗುರಿಯೇ ಬದಲಾಯಿತು. ನೆಲೆಯೂರಿಸುವುದರ ಬದಲು, ಸಾಧ್ಯವಾದಾಗ ಹಿಂದಕ್ಕೆ ಕಳುಹಿಸುವುದು ಗುರಿಯಾಯಿತು. 2021ರಲ್ಲಿ ಪ್ರಧಾನಿ ಮೆಟ್ಟೆ ಫ್ರೆಡರಿಕ್ಸನ್ ಆಶ್ರಯ ಕೋರಿ ಬರುವವರ ಸಂಖ್ಯೆಯನ್ನು ಸೊನ್ನೆಗೆ ಇಳಿಸುವುದೇ ತಮ್ಮ ಗುರಿ ಎಂದರು. ಇವರು ಬಲಪಂಥೀಯರಲ್ಲ, ಸೋಶಿಯಲ್ ಡೆಮಾಕ್ರಾಟ್ ಪಕ್ಷದ ನಾಯಕಿ. ಅದೇ ಹೊತ್ತಿಗೆ ದಮಾಸ್ಕಸ್ ಪ್ರದೇಶದಿಂದ ಬಂದ ಸಿರಿಯನ್ನರ ವಾಸದ ಪರವಾನಿಗೆಗಳು ರದ್ದಾಗತೊಡಗಿದವು. ಹೀಗೆ ಪರವಾನಿಗೆ ಕಳೆದುಕೊಂಡವರಲ್ಲಿ ಅಲ್ಲಿಯ ಶಾಲೆಗಳಲ್ಲಿ ಓದುತ್ತಿದ್ದ ಹುಡುಗಿಯರೂ ಇದ್ದರು.

ಸೊನ್ನೆ ಎಂಬ ಆ ಗುರಿ 2000ದಲ್ಲೇ ಈಡೇರಿದ್ದರೆ ಏನಾಗುತ್ತಿತ್ತು? ಲಾರಿಯಿಂದಿಳಿದ ಆ ತಾಯಿ ಮತ್ತು ಐವರು ಹುಡುಗಿಯರು ಹಿಂದಕ್ಕೆ ಹೋಗುತ್ತಿದ್ದರು. ಡೆನ್ಮಾರ್ಕ್‌ಗೆ ಆ ಗೋಲುಗಳೂ ಸಿಗುತ್ತಿರಲಿಲ್ಲ, ಆ ವೈದ್ಯೆಯೂ ಸಿಗುತ್ತಿರಲಿಲ್ಲ. ಹಣ್ಣನ್ನು ಸವಿದು ಮರಕ್ಕೆ ಕೊಡಲಿ ಹಾಕುವವರು ತೋಟಗಾರರೆಂದು ಕರೆಸಿಕೊಳ್ಳುವುದು ಎಂತಹ ವಿಪರ್ಯಾಸ! ನಾದಿಯಾರನ್ನು ತಮ್ಮ ವ್ಯವಸ್ಥೆಯ ಸಾಧನೆಯೆಂದು ಪ್ರದರ್ಶಿಸುವ ರಾಜಕಾರಣಿಗಳು ಮೊದಲು ಇದಕ್ಕೆ ಉತ್ತರಿಸಲಿ. ಇಂದು ಅದೇ ರೀತಿ ಬಂದಿಳಿಯುವ ಹನ್ನೆರಡರ ಬಾಲೆಗೆ ನೀವು ಏನು ಹೇಳುತ್ತೀರಿ?

ಎರಡು ದೇಶಗಳ ಪರಂಪರೆಯನ್ನು ಹೊತ್ತ ಆಟಗಾರರಿಗೆ ಯುರೋಪಿನಲ್ಲಿ ಸಿಗುವ ಪ್ರೀತಿ ಷರತ್ತಿನ ಪ್ರೀತಿ. ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟ ಮೆಸುತ್ ಓಝಿಲ್ 2018ರಲ್ಲಿ ರಾಷ್ಟ್ರೀಯ ತಂಡವನ್ನು ತೊರೆಯುವಾಗ ಹೇಳಿದ್ದು ಇದನ್ನೇ. ಗೆದ್ದಾಗ ತಾನು ಜರ್ಮನ್, ಸೋತಾಗ ವಲಸಿಗ. ನಾದಿಯಾ 2022ರ ಕತಾರ್ ವಿಶ್ವಕಪ್‌ನ ರಾಯಭಾರಿಯಾಗಲು ಒಪ್ಪಿದಾಗ ಡೆನ್ಮಾರ್ಕ್‌ನಲ್ಲಿ ಕಟು ಟೀಕೆ ಎದುರಿಸಬೇಕಾಯಿತು. ಕತಾರ್‌ನ ವಲಸೆ ಕಾರ್ಮಿಕರ ಸ್ಥಿತಿಯ ಬಗ್ಗೆ ಕೇಳಬೇಕಾದ ಪ್ರಶ್ನೆಗಳಿದ್ದವು, ಅವನ್ನು ಕೇಳಿದ್ದು ಸರಿಯೇ. ಆದರೆ ನಿರಾಶ್ರಿತರ ಕೈಯಿಂದ ಒಡವೆ ವಶಪಡಿಸಿಕೊಳ್ಳುವ ಕಾನೂನನ್ನು ಪುಸ್ತಕದಲ್ಲಿಟ್ಟುಕೊಂಡ ದೇಶವು ಮಾನವ ಹಕ್ಕುಗಳ ಪರೀಕ್ಷೆಯನ್ನು ಒಬ್ಬ ನಿರಾಶ್ರಿತೆಗೆ ಇಡುವುದು ಎಷ್ಟು ಸರಿ?

ಉಡುಪಿನ ಮಾತನ್ನೂ ಇಲ್ಲಿಯೇ ಮುಗಿಸೋಣ. 2011ರಲ್ಲಿ ಅಮ್ಮಾನ್‌ನಲ್ಲಿ ನಡೆಯಬೇಕಿದ್ದ ಒಲಿಂಪಿಕ್ ಅರ್ಹತಾ ಪಂದ್ಯದಲ್ಲಿ ಶಿರವಸ್ತ್ರದ ಕಾರಣಕ್ಕಾಗಿ ಇರಾನಿನ ಹುಡುಗಿಯರಿಗೆ ಆಡಲು ಬಿಡಲಿಲ್ಲ. ಅವರು ಕಣ್ಣೀರಿಡುತ್ತಾ ಹಿಂತಿರುಗಿದರು. ಶಿರವಸ್ತ್ರದಿಂದ ಆಟಕ್ಕೆ ಅಪಾಯವೆಂದು ಹೇಳುತ್ತಿದ್ದ ಫುಟ್ಬಾಲ್‌ನ ನಿಯಮ ಮಂಡಳಿಯೇ 2014ರಲ್ಲಿ ಅದಕ್ಕೆ ಅನುಮತಿ ನೀಡಿತು. 2023ರ ವಿಶ್ವಕಪ್‌ನಲ್ಲಿ ಮೊರಾಕ್ಕೋದ ನುಹೈಲಾ ಬೆನ್‌ಝೀನಾ ಹಿಜಾಬ್ ಧರಿಸಿ ದಕ್ಷಿಣ ಕೊರಿಯಾದ ವಿರುದ್ಧ ಆಡಿದರು. ವಿಶ್ವಕಪ್‌ನಲ್ಲಿ ಹಾಗೆ ಆಡಿದವರಲ್ಲಿ ಅವರೇ ಮೊದಲಿಗರು. ಆ ಪಂದ್ಯವನ್ನು ಮೊರಾಕ್ಕೋ 1-0ರಿಂದ ಗೆದ್ದಿತು, ಆಕಾಶ ಕಳಚಿ ಬೀಳಲಿಲ್ಲ. ಇಷ್ಟಾದರೂ ಫ್ರಾನ್ಸಿನ ಫುಟ್ಬಾಲ್ ಸಂಘ ತನ್ನ ಪಂದ್ಯಗಳಲ್ಲಿ ಹಿಜಾಬ್ ನಿಷೇಧವನ್ನು ಬಿಡಲಿಲ್ಲ. 2023ರ ಜೂನ್‌ನಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಆ ನಿಷೇಧವನ್ನು ಎತ್ತಿ ಹಿಡಿಯಿತು. ನಾದಿಯಾ ತಲೆಗೆ ವಸ್ತ್ರ ಧರಿಸದೆ ಪ್ಯಾರಿಸ್‌ನಲ್ಲಿ ಆಡಬಹುದು, ಬೆನ್‌ಝೀನಾ ಧರಿಸಿ ಆಡುವಂತಿಲ್ಲ. ಹೀಗಿರುವಾಗ ಮುಸ್ಲಿಮ್ ಹೆಣ್ಣಿನ ಆಯ್ಕೆಯ ಸ್ವಾತಂತ್ರ್ಯದ ಬಗ್ಗೆ ಫ್ರಾನ್ಸ್ ಭಾಷಣ ಮಾಡುವುದನ್ನು ಯಾರು ನಂಬಬೇಕು?

ಇಲ್ಲಿಯವರೆಗೆ ಓದಿ ಬಂದ ನಮ್ಮ ಓದುಗರಲ್ಲಿ ಹಲವರಿಗೆ ಸಮಾಧಾನವಾಗಿರಬಹುದು. ಎದುರಾಳಿಯ ತಪ್ಪುಗಳನ್ನು ಕೇಳುವುದು ಯಾವಾಗಲೂ ಹಿತವೇ. ಆದರೆ ಮಾತು ಇಲ್ಲಿಗೆ ನಿಂತರೆ ಅದು ಅಪ್ರಾಮಾಣಿಕತೆಯಾಗುತ್ತದೆ. ಯಾಕೆಂದರೆ ನಾದಿಯಾರ ತಂದೆಯನ್ನು ಕೊಂದವರು ಡೇನಿಷರಲ್ಲ. ಆ ವಿಧವೆಗೆ ದುಡಿಮೆಯನ್ನೂ ಮಕ್ಕಳಿಗೆ ಶಾಲೆಯನ್ನೂ ನಿಷೇಧಿಸಿದವರು ಫ್ರೆಂಚರಲ್ಲ. ಇಸ್ಲಾಮಿನ ಹೆಸರು ಹೇಳಿಕೊಂಡವರು ಅದನ್ನು ಮಾಡಿದರು. ಇಪ್ಪತ್ತು ವರ್ಷಗಳ ನಂತರ ಅದೇ ಗುಂಪು ಮರಳಿ ಬಂದು ಮತ್ತೆ ಅದನ್ನೇ ಮಾಡಿತು.

2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ವಶವಾಯಿತು. ಸೆಪ್ಟೆಂಬರ್‌ನಲ್ಲಿ ಪ್ರೌಢಶಾಲೆಗಳಿಗೆ ಹುಡುಗರನ್ನು ಮಾತ್ರ ಕರೆಯಲಾಯಿತು. 2022ರ ಮಾರ್ಚ್ 23ರಂದು ಶಾಲೆ ತೆರೆಯುತ್ತದೆಂದು ನಂಬಿ ಪುಸ್ತಕ ಹಿಡಿದು ಬಂದ ಹುಡುಗಿಯರನ್ನು ಅಂದೇ ಮನೆಗೆ ಅಟ್ಟಲಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳೂ ಮುಚ್ಚಿದವು. 2024ರ ಡಿಸೆಂಬರ್‌ನಲ್ಲಿ ಉಳಿದಿದ್ದ ಒಂದು ಕಿಂಡಿಯೂ ಮುಚ್ಚಿತು. ದಾದಿಯರ ಹಾಗೂ ಸೂಲಗಿತ್ತಿಯರ ತರಬೇತಿ ಸಂಸ್ಥೆಗಳಿಂದಲೂ ಮಹಿಳೆಯರನ್ನು ಹೊರಹಾಕಲಾಯಿತು. ಹೆಂಗಸರನ್ನು ಪುರುಷ ವೈದ್ಯ ಪರೀಕ್ಷಿಸಬಾರದು ಎನ್ನುವುದು, ಮಹಿಳಾ ವೈದ್ಯೆ ತಯಾರಾಗಲೂಬಾರದು ಎನ್ನುವುದು! ಇದರ ಅರ್ಥ ಹೆರಿಗೆಯ ನೋವಿನಲ್ಲಿರುವ ಹೆಣ್ಣು ಸಾಯಲಿ ಎಂದಲ್ಲದೆ ಬೇರೇನು? ಇದಕ್ಕೆ ಶರೀಅತ್ ಎಂಬ ಹೆಸರಿಡುವವರು ಶರೀಅತ್‌ಗೆ ಮಾಡುವ ಅವಮಾನವನ್ನು ಅದರ ಶತ್ರುಗಳೂ ಮಾಡಲಾರರು.

ವಿದ್ಯಾರ್ಜನೆಯನ್ನು ಪ್ರತಿಯೊಬ್ಬ ವಿಶ್ವಾಸಿಯ ಮೇಲೆ ಕಡ್ಡಾಯಗೊಳಿಸಿದ ಪ್ರವಾದಿ(ಸ)ರ ಅನುಯಾಯಿಗಳೆಂದು ಹೇಳಿಕೊಳ್ಳುವವರು ಇವರು. ಪ್ರವಾದಿ(ಸ)ರ ವಿಯೋಗದ ನಂತರ ಹಿರಿಯ ಸಹಾಬಿಗಳು ಸಂಶಯ ಬಂದಾಗ ಹೋಗಿ ಕೇಳುತ್ತಿದ್ದದ್ದು ಹಝ್ರತ್ ಆಯಿಶಾ(ರ)ರನ್ನು. ಅದೇ ಆಯಿಶಾ(ರ)ರೊಂದಿಗೆ ಪ್ರವಾದಿ(ಸ)ರು ಓಟದ ಪಂದ್ಯ ನಡೆಸಿದ್ದನ್ನು, ಒಮ್ಮೆ ಅವರು ಗೆದ್ದದ್ದನ್ನು, ಇನ್ನೊಮ್ಮೆ ಸೋತದ್ದನ್ನು ಹದೀಸ್ ಗ್ರಂಥಗಳು ದಾಖಲಿಸಿವೆ. ಆಟವನ್ನೂ ಅಧ್ಯಯನವನ್ನೂ ಹೆಣ್ಣಿನಿಂದ ಕಸಿಯಲು ಧರ್ಮದಲ್ಲಿ ಆಧಾರ ಹುಡುಕುವವರು ಈ ಮನೆಯನ್ನು ದಾಟಿ ಎಲ್ಲಿಗೆ ಹೋಗುತ್ತಾರೆ?

ಬೇರೆಲ್ಲಿಗೂ ಹೋಗುವುದು ಬೇಡ, ನಾದಿಯಾ ಹುಟ್ಟಿದ ಹೆರಾತ್‌ನ ಚರಿತ್ರೆಯನ್ನೇ ನೋಡಲಿ. ಹಿಜರಿ ಐದನೇ ಶತಮಾನದಲ್ಲಿ ಆ ನಗರದಲ್ಲಿ ಬೀಬೀ ಬಿಂತ್ ಅಬ್ದುಸ್ಸಮದ್ ಅಲ್‌ಹರ್ಸಮಿಯ್ಯಾ ಎಂಬ ವಿದ್ವಾಂಸೆ ಹದೀಸ್ ಬೋಧಿಸುತ್ತಿದ್ದರು. ಅವರ ಹೆಸರಿನಲ್ಲಿರುವ ಹದೀಸ್ ಸಂಗ್ರಹ ಇಂದಿಗೂ ಮುದ್ರಿತವಾಗಿ ಲಭ್ಯವಿದೆ. ಗಂಡಸರು ಅವರ ಮುಂದೆ ಶಿಷ್ಯರಾಗಿ ಕುಳಿತು ಕೇಳಿ ಮುಂದಿನ ಪೀಳಿಗೆಗೆ ದಾಟಿಸಿದ್ದರಿಂದಲೇ ಅದು ಉಳಿದಿದೆ. ಹದಿನೈದನೇ ಶತಮಾನದಲ್ಲಿ ಅದೇ ಹೆರಾತ್‌ನಲ್ಲಿ ಭವ್ಯ ಮುಸಲ್ಲಾವನ್ನೂ ಮದ್ರಸಾವನ್ನೂ ಕಟ್ಟಿಸಿದ್ದು ರಾಣಿ ಗೌಹರ್ ಶಾದ್. ಭಾರತದ ಆಲಿಮ್ ಡಾ. ಮುಹಮ್ಮದ್ ಅಕ್ರಮ್ ನದ್ವಿಯವರು ಹದೀಸ್ ವಿದ್ವಾಂಸೆಯರ ಚರಿತ್ರೆ ಬರೆಯಲು ಹೊರಟಾಗ ಅದು 43 ಸಂಪುಟಗಳಿಗೆ ಬೆಳೆದು 2021ರಲ್ಲಿ ಪ್ರಕಟವಾಯಿತು. ಹೆರಾತ್‌ನ ಹೆಣ್ಣಿಗೆ ವಿದ್ಯೆಯನ್ನು ಯುರೋಪ್ ಪರಿಚಯಿಸಬೇಕಿರಲಿಲ್ಲ. ಆಕೆಗೆ ಸೇರಿದ್ದ ಪಿತ್ರಾರ್ಜಿತವನ್ನು ಮನೆಯವರೇ ಕಸಿದುಕೊಂಡರು. ಕಳೆದುಕೊಂಡದ್ದರ ಒಂದು ಪಾಲನ್ನು ಆಕೆ ದೂರದ ದೇಶದಲ್ಲಿ ದುಡಿದು ಮರಳಿ ಗಳಿಸಿದರು.

ಒಬ್ಬ ನಾದಿಯಾರ ಕಥೆ ಮಾತ್ರ ಇದಲ್ಲ. ಅಫ್ಘಾನ್ ಮಹಿಳಾ ಫುಟ್ಬಾಲ್ ತಂಡವನ್ನು 2007ರಲ್ಲಿ ಕಟ್ಟಿದವರಲ್ಲಿ ಪ್ರಮುಖರಾದ ಖಾಲಿದಾ ಪೊಪಾಲ್ 2011ರಲ್ಲಿ ಜೀವ ಬೆದರಿಕೆಯಿಂದಾಗಿ ದೇಶ ಬಿಟ್ಟರು. ನೆಲೆ ಕಂಡದ್ದು ಡೆನ್ಮಾರ್ಕ್‌ನಲ್ಲೇ. ಆಗ ಕಾಬೂಲ್‌ನಲ್ಲಿದ್ದದ್ದು ತಾಲಿಬಾನ್ ಅಲ್ಲ, ಅಮೆರಿಕದ ಬೆಂಬಲದ ಸರಕಾರ. ಆ ಕಾಲದಲ್ಲಿ ಅಫ್ಘಾನ್ ಫುಟ್ಬಾಲ್ ಸಂಘದ ಅಧ್ಯಕ್ಷನಾಗಿದ್ದ ಕರಾಮುದ್ದೀನ್ ಕರೀಮ್ ಆಟಗಾರ್ತಿಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದಕ್ಕಾಗಿ 2019ರಲ್ಲಿ ಫಿಫಾ ಆತನನ್ನು ಆಜೀವ ನಿಷೇಧಿಸಿತು. ವಿದೇಶೀ ಸೇನೆ ಬಂದು ಹೆಣ್ಣುಮಕ್ಕಳನ್ನು ವಿಮೋಚಿಸಿತೆಂಬ ಪ್ರಚಾರದ ಅಡಿಯಲ್ಲಿ ಏನೆಲ್ಲ ನಡೆಯುತ್ತಿತ್ತು ಎಂಬುದಕ್ಕೆ ಇದು ಸಾಕ್ಷಿ. ಹುಡುಗಿಯರನ್ನು ಆಟದಿಂದ ಓಡಿಸಿದ್ದು ಒಂದೇ ಕೈಯಲ್ಲ. ಗಡ್ಡ ಬಿಟ್ಟವನೂ ಸೂಟು ತೊಟ್ಟವನೂ ತಂತಮ್ಮ ರೀತಿಯಲ್ಲಿ ಆ ಕೆಲಸವನ್ನು ಮಾಡಿದರು.

2021ರಲ್ಲಿ ಕಾಬೂಲ್ ಪತನವಾದಾಗ ಆಟಗಾರ್ತಿಯರು ತಮ್ಮ ಹೆಸರು, ಚಿತ್ರ, ಪದಕಗಳನ್ನು ಅಳಿಸಿಕೊಂಡು ಜೀವ ಉಳಿಸಿಕೊಳ್ಳಬೇಕಾಯಿತು. ಹಲವರು ಆಸ್ಟ್ರೇಲಿಯಾ ಸೇರಿದರು. ತಮ್ಮ ದೇಶದ ಸಂಘ ತಮ್ಮನ್ನು ಗುರುತಿಸುವುದಿಲ್ಲವೆಂಬ ಕಾರಣಕ್ಕಾಗಿ ಅವರು ನಾಲ್ಕು ವರ್ಷ ಅಂತಾರಾಷ್ಟ್ರೀಯ ಪಂದ್ಯವಿಲ್ಲದೆ ಕಾದರು. ದಬ್ಬಾಳಿಕೆಗೊಳಗಾದವರೇ ದಬ್ಬಾಳಿಕೆ ಮಾಡಿದವರಿಂದ ಅನುಮತಿಪತ್ರ ತರಬೇಕೆಂಬ ಈ ನಿಯಮವನ್ನು ಏನೆಂದು ಕರೆಯೋಣ? ಕೊನೆಗೆ 2025ರಲ್ಲಿ ಫಿಫಾ ನಿರಾಶ್ರಿತ ಅಫ್ಘಾನ್ ಆಟಗಾರ್ತಿಯರ ತಂಡವೊಂದಕ್ಕೆ ಅವಕಾಶ ನೀಡಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಅವರು ಮತ್ತೆ ಮೈದಾನಕ್ಕಿಳಿದರು. ಅವರಿಗೆ ಆತಿಥ್ಯ ನೀಡಿದ್ದು ಮೊರಾಕ್ಕೋ, ಒಂದು ಮುಸ್ಲಿಮ್ ದೇಶ. ಎದುರು ಆಡಿದ್ದು ಚಾಡ್, ಟುನೀಶಿಯಾ ಮತ್ತು ಲಿಬಿಯಾದ ಹೆಣ್ಣುಮಕ್ಕಳು. ಮುಸ್ಲಿಮ್ ಜಗತ್ತೆಂದರೆ ತಾಲಿಬಾನ್ ಎಂದು ಸಮೀಕರಿಸುವವರು ಆ ಮೈದಾನವನ್ನೊಮ್ಮೆ ನೋಡಬೇಕು. ಮುಸ್ಲಿಮ್ ಜಗತ್ತಿನಲ್ಲಿ ಎಲ್ಲವೂ ಸರಿಯಾಗಿದೆಯೆನ್ನುವವರು, ಆ ಹುಡುಗಿಯರು ತಮ್ಮ ದೇಶದ ಹೆಸರಿನಲ್ಲಿ ಆಡಲಾಗಲಿಲ್ಲ ಎಂಬುದನ್ನು ನೋಡಬೇಕು.

ನಮ್ಮ ಪಟ್ಟಣಗಳ ಮನೆಗಳಿಗೆ ಇದರಿಂದೇನು ಎಂದು ಕೇಳುವವರಿಗೆ ಒಂದು ಮಾತು. 2022ರಲ್ಲಿ ಕರ್ನಾಟಕದ ಕಾಲೇಜುಗಳ ಬಾಗಿಲಲ್ಲಿ ಶಿರವಸ್ತ್ರದ ಕಾರಣಕ್ಕಾಗಿ ನಮ್ಮ ಹೆಣ್ಣುಮಕ್ಕಳನ್ನು ತಡೆದಾಗ ನಾವು ಏನೆಂದು ವಾದಿಸಿದೆವು? ಉಡುಪಿನ ನೆಪದಲ್ಲಿ ಶಿಕ್ಷಣದ ಹಕ್ಕನ್ನು ಕಸಿಯಬೇಡಿ ಎಂದೆವು. ಆ ವಾದ ಸತ್ಯವಾಗಿತ್ತು, ಇಂದಿಗೂ ಸತ್ಯ. ಆದರೆ ಸತ್ಯವು ನಮ್ಮ ತಾಲೂಕಿನ ಗಡಿಯಲ್ಲಿ ಮುಗಿದುಹೋಗುವುದಿಲ್ಲ. ಇಲ್ಲಿ ಬಾಗಿಲು ಮುಚ್ಚಿದಾಗ ಬೀದಿಗಿಳಿದ ನಾಲಗೆ, ಅದೇ ವರ್ಷ ಕಾಬೂಲ್‌ನಲ್ಲಿ ಎಲ್ಲ ಹುಡುಗಿಯರ ಮೇಲೆ ಬಾಗಿಲು ಮುಚ್ಚಿದಾಗ ಅಂಗುಳಕ್ಕೆ ಅಂಟಿಕೊಂಡದ್ದೇಕೆ? 'ಅದು ಪಾಶ್ಚಾತ್ಯ ಮಾಧ್ಯಮಗಳ ಪ್ರಚಾರ' ಎಂದು ತಳ್ಳಿಹಾಕುವುದು ಸುಲಭ. ಪಾಶ್ಚಾತ್ಯ ಮಾಧ್ಯಮಗಳು ಬಹಳಷ್ಟು ಸುಳ್ಳು ಹೇಳಿವೆ. ಆದರೆ ಶಾಲೆ ಮುಚ್ಚಿದ್ದು ಸುಳ್ಳಲ್ಲ, ಮುಚ್ಚಿದವರೇ ಅದನ್ನು ಘೋಷಿಸಿದ್ದಾರೆ. ನ್ಯಾಯಕ್ಕೆ ಸಾಕ್ಷಿಯಾಗಬೇಕೆಂದು, ಅದು ನಮ್ಮವರ ವಿರುದ್ಧವಾದರೂ ಸರಿಯೆಂದು ಆಜ್ಞಾಪಿಸಲ್ಪಟ್ಟ ಸಮುದಾಯ ನಾವು. ಅನ್ಯರ ಅನ್ಯಾಯಕ್ಕೆ ಮಾತ್ರ ಬಾಯಿ ತೆರೆಯುವವನ ಸಾಕ್ಷ್ಯವನ್ನು ಯಾವ ನ್ಯಾಯಾಲಯವೂ ಒಪ್ಪುವುದಿಲ್ಲ.

ಇನ್ನು, 'ಆಕೆಯ ಉಡುಪನ್ನು ನೀವು ಸಮರ್ಥಿಸುತ್ತೀರಾ?' ಎಂಬ ಪ್ರಶ್ನೆ ಬರುತ್ತದೆಂದು ಗೊತ್ತು. ನಾದಿಯಾ ಏನು ಧರಿಸಬೇಕೆಂದು ತೀರ್ಪು ಕೊಡುವ ಅಧಿಕಾರ ಈ ಬರಹಗಾರನಿಗಿಲ್ಲ. ಅದು ಅವರ ಮತ್ತು ಅವರ ಸೃಷ್ಟಿಕರ್ತನ ನಡುವಿನ ವಿಚಾರ. ಕೇಳುವವರು ಮೊದಲು ತಮ್ಮನ್ನು ಕೇಳಿಕೊಳ್ಳಲಿ. ಲಜ್ಜೆಯ ಮಿತಿಯೊಳಗೆ ಹುಡುಗಿಯರು ಓಡಾಡಲು, ಆಡಲು, ದೇಹವನ್ನು ಗಟ್ಟಿಗೊಳಿಸಲು ನಾವು ನಿರ್ಮಿಸಿಕೊಟ್ಟ ಜಾಗ ಎಲ್ಲಿದೆ? ಅಂತಹದೊಂದು ಅಂಗಳವನ್ನೂ ಕಟ್ಟದೆ, ಅನ್ಯರ ಅಂಗಳದಲ್ಲಿ ಆಡಿದವಳ ಅಂಗಿಯ ಅಳತೆ ಹಿಡಿಯುವುದು ಹೊಣೆಗೇಡಿತನ. ಉಡುಪೇ ಅಡ್ಡಿಯೆಂಬ ನೆಪ 2014ರಲ್ಲೇ ಮುಗಿದುಹೋಗಿದೆ. ಈಗ ಅಡ್ಡಿಯಾಗಿರುವುದು ನಮ್ಮ ಉದಾಸೀನ.

ಹಾಗಾದರೆ ಈ ಗೆಲುವಿನ ನಿಜವಾದ ವಾರಸುದಾರರು ಯಾರು? ಮೊದಲ ಹೆಸರು ಆ ತಾಯಿಯದ್ದು, ಹಮೀದಾ ಅವರದ್ದು. ಗಂಡನನ್ನು ಕಳೆದುಕೊಂಡು, ಭಾಷೆ ಗೊತ್ತಿಲ್ಲದ ನಾಡಿಗೆ ಐವರು ಹೆಣ್ಣುಮಕ್ಕಳನ್ನು ಕರೆದೊಯ್ದು ಬದುಕು ಕಟ್ಟಿದ ಮಹಿಳೆ. 2022ರ ನವೆಂಬರ್‌ನಲ್ಲಿ ಮಗಳು ಕತಾರ್ ವಿಶ್ವಕಪ್‌ನ ವೀಕ್ಷಕ ವಿವರಣೆಯಲ್ಲಿ ತೊಡಗಿದ್ದಾಗ ಆ ತಾಯಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅಲ್ಲಾಹನು ಅವರಿಗೆ ಕರುಣೆ ತೋರಲಿ. ಎರಡನೆಯ ಹೆಸರು ಹೆಣ್ಣುಮಕ್ಕಳ ಕೈಗೆ ಚೆಂಡು ಕೊಟ್ಟ ಆ ತಂದೆಯದ್ದು. ಮಗಳು ಚೆಂಡಿನ ಹಿಂದೆ ಓಡಿದರೆ ಮನೆಯ ಮಾನ ಹೋಗುತ್ತದೆಂದು ಅವರು ಭಾವಿಸಲಿಲ್ಲ. ಅವರೂ ಅಫ್ಘಾನ್ ಮುಸ್ಲಿಮರೇ. ನಾದಿಯಾರನ್ನು ರೂಪಿಸಿದ್ದು ಅಫ್ಘಾನಿಸ್ತಾನವೋ ಡೆನ್ಮಾರ್ಕೋ ಎಂದು ಕೇಳುವವರಿಗೆ ಇದು ಉತ್ತರ. ಅಫ್ಘಾನ್ ಮನೆಯೊಂದು ಬಿತ್ತಿತು, ಡೆನ್ಮಾರ್ಕ್‌ನ ಶಿಬಿರ, ಶಾಲೆ ಮತ್ತು ಮೈದಾನ ನೀರೆರೆದವು. ಬಿತ್ತಿದ ಮನೆಯನ್ನು ಸುಟ್ಟವರಿಗೂ, ನೀರಿನ ಕಾಲುವೆಯನ್ನು ಈಗ ಮುಚ್ಚುತ್ತಿರುವವರಿಗೂ ಆ ಫಸಲಿನಲ್ಲಿ ಪಾಲು ಕೇಳುವ ಹಕ್ಕಿಲ್ಲ.

ಮುಸ್ಲಿಮ್ ಸಂಘಟನೆಗಳಿಂದ, ಉಲಮಾಗಳಿಂದ ನಾವು ಕೇಳುವುದು ದೊಡ್ಡದೇನಲ್ಲ. ಅಫ್ಘಾನ್ ಹುಡುಗಿಯರ ಶಾಲೆಗಳನ್ನು ಮುಚ್ಚಿದ್ದು ಅಧರ್ಮವೆಂದು ಜುಮುಅದ ಮಿಂಬರ್‌ನಿಂದ ಹೆಸರೆತ್ತಿ ಹೇಳಿರಿ, 'ಆದರೆ' ಎಂಬ ಬಾಲ ಸೇರಿಸದೆ ಹೇಳಿರಿ. ಆಗ ಮಾತ್ರ ಫ್ರಾನ್ಸಿನ ಮೈದಾನದ ಬಗ್ಗೆಯೂ ನಮ್ಮ ಕಾಲೇಜುಗಳ ಬಾಗಿಲಿನ ಬಗ್ಗೆಯೂ ನಾವು ಆಡುವ ಮಾತಿಗೆ ತೂಕ ಬರುತ್ತದೆ. ಹೆತ್ತವರಿಂದ ಕೇಳುವುದು ಇನ್ನೂ ಚಿಕ್ಕದು. ಹತ್ತನೇ ತರಗತಿಯ ನಂತರ ಮಗಳು ಮುಂದೆ ಓದುತ್ತೇನೆಂದಾಗ, ಆಡುತ್ತೇನೆಂದಾಗ, 'ಬೇಡ' ಎನ್ನುವುದಕ್ಕೆ ಮೊದಲು ಅದಕ್ಕೆ ದಾರಿಯೇನೆಂದು ಯೋಚಿಸಿರಿ. ಹೆರಾತ್‌ನ ತಾಯಿಯೊಬ್ಬಳು ಅದಕ್ಕಾಗಿ ಮೂರು ದೇಶಗಳನ್ನು ದಾಟಿದಳು. ನಿಮ್ಮ ಮಗಳು ದಾಟಬೇಕಾಗಿರುವುದು ನಿಮ್ಮ ಮನೆಯ ಹೊಸ್ತಿಲನ್ನು ಮಾತ್ರ.